ಉಳಿದ ೪೪ ಗ್ರಾಂ ಯಾರ ಲೆಕ್ಕಕ್ಕೆ?

ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಓದಿದವರಿಗೆಲ್ಲ ಒಂದು ಸರಳವಾದ ಸಮೀಕರಣ ನೆನಪಿರಬಹುದು. ಸುಣ್ಣದ ಕಲ್ಲನ್ನು ಬಲವಾಗಿ ಕಾಯಿಸಿದರೆ ಅದು ಸುಟ್ಟ ಸುಣ್ಣವಾಗಿಯೂ ಇಂಗಾಲದ ಡೈ ಆಕ್ಸೈಡ್ ಅನಿಲವಾಗಿಯೂ ಒಡೆಯುತ್ತದೆ. ಶುದ್ಧವಾದ ಕಲ್ಲು ೧೦೦ ಗ್ರಾಂ ಇದ್ದರೆ ಕೊನೆಗೆ ಮೂಸೆಯಲ್ಲಿ ಉಳಿಯುವುದು ೫೬ ಗ್ರಾಂ ಮಾತ್ರ. ಉಳಿದ ೪೪ ಗ್ರಾಂ ಎಲ್ಲಿ ಹೋಯಿತು? ಗಾಳಿಗೆ ಹೋಯಿತು ಎಂದು ಉತ್ತರ ಬರೆದು, ಪೂರ್ಣ ಅಂಕಗಳನ್ನು ಪಡೆದು, ನಾವು ಪುಟ ತಿರುವುತ್ತೇವೆ. ಗಾಳಿಗೆ ಹೋದುದು ಯಾರ ಲೆಕ್ಕಕ್ಕೆ ಜಮೆಯಾಯಿತು ಎಂಬ ಪ್ರಶ್ನೆ ಪಠ್ಯಪುಸ್ತಕದಲ್ಲಿಲ್ಲ. ಈ ತಿಂಗಳು ನಾವು ಎತ್ತಿಕೊಂಡಿರುವುದು ಆ ಪ್ರಶ್ನೆಯನ್ನೇ.

ಇದನ್ನು ಕೇಳುವುದಕ್ಕೆ ಕರ್ನಾಟಕದಲ್ಲಿ ಕಲಬುರಗಿ ಜಿಲ್ಲೆಯಷ್ಟು ತಕ್ಕ ಸ್ಥಳ ಇನ್ನೊಂದಿಲ್ಲ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸೀಮೆಗಳಲ್ಲಿ, ಅಲ್ಲಲ್ಲಿ ಚಿಂಚೋಳಿಯ ಕಡೆಗೂ, ನೆಲದಡಿಯಲ್ಲಿ ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಕರೆಯುವ ಪದರಗಳು ಹರಡಿಕೊಂಡಿವೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿದ್ದಿತು; ಅದರ ತಳದಲ್ಲಿ ಪದರಪದರವಾಗಿ ಶೇಖರಗೊಂಡ ಸುಣ್ಣವೇ ಇಂದಿನ ಶಹಾಬಾದ್ ಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸಿದ ಪರಸಿ ಇದೇ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಕಲ್ಲೂ ಇದೇ. ನಿಜಾಮರ ಕಾಲದಲ್ಲಿಯೇ ಶಹಾಬಾದಿನಲ್ಲಿ ಸಿಮೆಂಟಿನ ಕಾರ್ಖಾನೆ ಎದ್ದಿತು; ೧೯೬೮ರಲ್ಲಿ ವಾಡಿಯಲ್ಲಿ ಇನ್ನೊಂದು ಬಂದಿತು; ಅನಂತರ ಸೇಡಮಿನ ಸುತ್ತ ಮತ್ತೆ ಹಲವು ಬಂದವು. ಮಳಖೇಡ ರೋಡ್ ರೈಲು ನಿಲ್ದಾಣದ ಬಳಿಯ ಆದಿತ್ಯನಗರವಂತೂ ಕಾರ್ಖಾನೆಯ ಜೊತೆಗೇ ಹುಟ್ಟಿದ ಊರು. ಕಲ್ಲು ಈ ಸೀಮೆಯ ಅನ್ನವಾಗಿದೆ ಎಂದರೆ ಅತಿಶಯೋಕ್ತಿಯಾಗದು.

ಈಗ ಮೂಸೆಯನ್ನು ಬಿಟ್ಟು ಗೂಡಿನ ಕಡೆಗೆ ನೋಡೋಣ. ಸಿಮೆಂಟಿನ ಗೂಡಿನಲ್ಲಿ ಸುಣ್ಣದ ಕಲ್ಲು, ಜೇಡಿ ಮುಂತಾದುವುಗಳ ಪುಡಿಯನ್ನು ಸುಮಾರು ೧,೪೫೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಗೆ ಏರಿಸುತ್ತಾರೆ. ಆಗ ದೊರೆಯುವ ಗಟ್ಟಿ ಉಂಡೆಗಳಿಗೆ ಕ್ಲಿಂಕರ್ ಎಂದು ಹೆಸರು. ಒಂದು ಟನ್ ಕ್ಲಿಂಕರಿನಲ್ಲಿ ಸುಮಾರು ೬೫೦ ಕಿಲೋಗ್ರಾಂ ಸುಣ್ಣವಿರುತ್ತದೆ. ೫೬ಕ್ಕೆ ೪೪ ಎಂಬ ನಮ್ಮ ಹಳೆಯ ಪ್ರಮಾಣವನ್ನು ಹಚ್ಚಿ ಲೆಕ್ಕ ಹಾಕಿದರೆ, ಅಷ್ಟು ಸುಣ್ಣಕ್ಕಾಗಿ ಸುಮಾರು ೫೧೦ ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಬಿದ್ದಿರಬೇಕು. ಉರಿಸಿದ ಕಲ್ಲಿದ್ದಲಿನ ಹೊಗೆಯನ್ನು ಇದಕ್ಕೆ ಕೂಡಿಸಬೇಕು. ಆಗ ಮೊತ್ತ ೮೦೦ ಕಿಲೋಗ್ರಾಮನ್ನು ದಾಟುತ್ತದೆ. ಜಗತ್ತು ವರ್ಷಕ್ಕೆ ೪೦೦ ಕೋಟಿ ಟನ್ನಿನಷ್ಟು ಸಿಮೆಂಟನ್ನು ತಯಾರಿಸುತ್ತಿದೆ. ಮನುಷ್ಯರು ಹೊರಬಿಡುವ ಇಂಗಾಲದ ಡೈ ಆಕ್ಸೈಡಿನಲ್ಲಿ ನೂರಕ್ಕೆ ಸುಮಾರು ಏಳೆಂಟು ಪಾಲು ಈ ಒಂದೇ ಉದ್ಯಮದಿಂದ ಬರುವುದೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಆ ಅನಿಲವು ಭೂಮಿಯಿಂದ ಹೊರಕ್ಕೆ ಹೋಗಬೇಕಾದ ಶಾಖವನ್ನು ತಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ ೨೦೨೪ನೆಯ ವರ್ಷದಲ್ಲಿ ಭೂಮಿಯ ಸರಾಸರಿ ಉಷ್ಣತೆ ಸುಮಾರು ಒಂದೂವರೆ ಡಿಗ್ರಿ ಹೆಚ್ಚಾಗಿದ್ದಿತು. ಇಷ್ಟು ಚಿಕ್ಕ ಸಂಖ್ಯೆಯಿಂದೇನು ಎಂದು ಕೇಳುವವರಿದ್ದಾರೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿಯು ಹಿಡಿದಿಡಬಲ್ಲ ನೀರಾವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಆದುದರಿಂದ ಒಣಹವೆಯಲ್ಲಿ ನೆಲ ಬೇಗ ಆರುತ್ತದೆ. ಮಳೆ ಬಂದಾಗ ಒಮ್ಮೆಗೇ ಸುರಿಯುತ್ತದೆ. ೨೦೨೦ರ ಅಕ್ಟೋಬರ್ ನಡುವಿನಲ್ಲಿ, ರೈತರ ಲೆಕ್ಕದಲ್ಲಿ ಚಿತ್ತಾ ಮಳೆಯ ದಿನಗಳಲ್ಲಿ, ಭೀಮಾ ಮತ್ತು ಕಾಗಿಣಾ ನದಿಗಳು ಉಕ್ಕಿ ಕಲಬುರಗಿ ಜಿಲ್ಲೆಯ ಊರುಗಳಿಗೂ ಹೊಲಗಳಿಗೂ ನುಗ್ಗಿದುದನ್ನು ಅಲ್ಲಿಯವರು ಮರೆತಿಲ್ಲ. ಒಂದು ಪ್ರವಾಹಕ್ಕೆ ಕಾರಣಗಳು ಹಲವಿರುತ್ತವೆ. ಆದರೆ ಅಂಥ ಮಳೆ ಪದೇ ಪದೇ ಬರುವಂತೆ ನಾವೇ ದಾರಿ ಮಾಡಿಕೊಡುತ್ತಿದ್ದೇವೆ ಎಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿಂದ ಮುಂದೆ ನ್ಯಾಯದ ಪ್ರಶ್ನೆ ಬರುತ್ತದೆ. ಅಮೇರಿಕೆಯ ಒಬ್ಬ ನಿವಾಸಿಯ ಹೆಸರಿಗೆ ವರ್ಷಕ್ಕೆ ಸುಮಾರು ೧೪ ಟನ್ ಇಂಗಾಲದ ಡೈ ಆಕ್ಸೈಡ್ ಬೀಳುತ್ತದೆ. ಭಾರತೀಯನ ಹೆಸರಿಗೆ ಸುಮಾರು ೨ ಟನ್. ಸೇಡಂ ಸೀಮೆಯಲ್ಲಿ ತೊಗರಿಯ ಹೊಲದ ಕಳೆ ತೆಗೆಯುವ ಕೂಲಿಯ ಹೆಣ್ಣುಮಗಳ ಪಾಲು ಆ ಎರಡು ಟನ್ನಿಗಿಂತಲೂ ಬಹಳ ಕಡಿಮೆ. ಬೇಸಗೆಯಲ್ಲಿ ಉಷ್ಣತೆ ೪೦ ಡಿಗ್ರಿಯನ್ನು ದಾಟಿದಾಗ ನೆರಳಿಲ್ಲದ ಬಯಲಿನಲ್ಲಿ ನಿಲ್ಲುವವಳು ಅವಳೇ. ಗಣಿಯಲ್ಲಿ ಕಲ್ಲು ಸೀಳುವವನ ಸ್ಥಿತಿಯೂ ಹಾಗೆಯೇ. ಸಿಮೆಂಟು ದೂರದ ಪಟ್ಟಣಗಳಲ್ಲಿ ಮಹಡಿಗಳಾಗಿ ಏರುತ್ತದೆ; ಅದರ ಶಾಖದ ಸಾಲವನ್ನು ತೀರಿಸುವವರು ಮಹಡಿಯಿಲ್ಲದವರು. ಸಾಲ ಮಾಡಿದವರು ಒಬ್ಬರು, ಬಡ್ಡಿ ಕಟ್ಟುವವರು ಇನ್ನೊಬ್ಬರು ಆಗಬಾರದು ಎಂಬುದನ್ನೇ ಹವಾಗುಣ ನ್ಯಾಯವೆಂದು ಕರೆಯುತ್ತೇವೆ.

ಆದರೆ ಇಲ್ಲಿ ಎರಡು ಲೆಕ್ಕಗಳನ್ನು ಬೆರೆಸಬಾರದು. ಮೊದಲನೆಯದು ದೂರದ ಲೆಕ್ಕ. ಇಂಗಾಲದ ಡೈ ಆಕ್ಸೈಡ್ ಭೂಮಿಯ ವಾಯುಮಂಡಲದಲ್ಲೆಲ್ಲ ಬೆರೆತುಹೋಗುತ್ತದೆ. ಆದುದರಿಂದ ಇಂದಿನ ಬಿಸಿಲಿಗೆ ಎದುರಿಗಿರುವ ಈ ಕಾರ್ಖಾನೆಯೇ ಕಾರಣವೆಂದು ಹೇಳಿದರೆ ಅದು ವಿಜ್ಞಾನಕ್ಕೆ ಒಪ್ಪುವ ಮಾತಾಗದು. ಎರಡನೆಯದು ಹತ್ತಿರದ ಲೆಕ್ಕ. ಎಲೆಯ ಮೇಲೆ ಕೂರುವ ಧೂಳು ಬೆಳಕನ್ನು ತಡೆಯುತ್ತದೆ, ಎಲೆಯ ಉಸಿರಿನ ರಂಧ್ರಗಳನ್ನು ಮುಚ್ಚುತ್ತದೆ. ಗಣಿಯ ಗುಂಡಿ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದಾಗ ಅದರಲ್ಲಿ ಕೂಡುವ ನೀರನ್ನು ಎತ್ತಿ ಹೊರಹಾಕಲೇಬೇಕಾಗುತ್ತದೆ. ಸುಣ್ಣಕಲ್ಲಿನಲ್ಲಿ ನೀರು ಬಿರುಕುಗಳ ಮೂಲಕ ಹರಿಯುವುದರಿಂದ ಸುತ್ತಲಿನ ಬಾವಿಗಳೂ ಇಳಿಯಬಹುದು. ಇವುಗಳ ಮೂಲ ಕಣ್ಣಿಗೆ ಕಾಣುವಷ್ಟು ಸಮೀಪದಲ್ಲಿದೆ. ಎರಡು ಲೆಕ್ಕಗಳೂ ಬಂದು ಕೂಡುವುದು ಒಂದೇ ಮನೆಯ ಮೇಲೆ. ಮಳೆ ತಪ್ಪಿದ ವರ್ಷದಲ್ಲಿಯೇ ಬಾವಿಯೂ ಇಳಿದರೆ ಆ ಮನೆಯವರು ಗುಳೆ ಹೊರಡಬೇಕಾಗುತ್ತದೆ.

ಹಾಗಾದರೆ ಕಾರ್ಖಾನೆಗಳನ್ನು ಮುಚ್ಚಬೇಕೆ? ನಾವು ಹಾಗೆ ಹೇಳುವವರಲ್ಲ. ಶಾಲೆಗೆ, ಆಸ್ಪತ್ರೆಗೆ, ಸೇತುವೆಗೆ ಸಿಮೆಂಟು ಬೇಕು. ಈ ಲೇಖನವನ್ನು ಓದುವವರಲ್ಲಿ ಹೆಚ್ಚಿನವರು ಅದರ ನೆರಳಿನಲ್ಲಿಯೇ ಕುಳಿತಿರುವರು. ಕಾರ್ಖಾನೆಯ ಕೂಲಿಯಿಂದ ಒಲೆ ಉರಿಯುವ ಮನೆಗಳು ಸಾವಿರಾರು. ಎಷ್ಟೋ ಕುಟುಂಬಗಳಲ್ಲಿ ಅಣ್ಣ ಗೂಡಿನ ಬಳಿ ದುಡಿಯುತ್ತಾನೆ, ತಮ್ಮ ತೊಗರಿ ಬೆಳೆಯುತ್ತಾನೆ. ಅಂಥಲ್ಲಿ ಕಾರ್ಮಿಕರನ್ನೂ ರೈತರನ್ನೂ ಎದುರುಬದುರು ನಿಲ್ಲಿಸುವ ಸಂಘಟನೆ ಮನೆಯನ್ನೇ ಒಡೆಯುತ್ತದೆ. ಕೇಳಬೇಕಾದುದು ಬೇರೆ. ಕ್ಲಿಂಕರಿನ ಪಾಲನ್ನು ತಗ್ಗಿಸಿ ಹಾರುಬೂದಿ, ಉಕ್ಕಿನ ಗೂಡಿನ ಕಿಟ್ಟ, ಸುಟ್ಟ ಜೇಡಿಗಳನ್ನು ಬೆರೆಸಿ ಸಿಮೆಂಟು ಮಾಡುವ ವಿಧಾನಗಳು ತಿಳಿದಿವೆ. ಗೂಡಿನ ವ್ಯರ್ಥ ಶಾಖದಿಂದ ವಿದ್ಯುತ್ತನ್ನು ಪಡೆಯಬಹುದು. ಧೂಳನ್ನು ಹಿಡಿಯುವ ಯಂತ್ರಗಳು ಹಗಲಿನಲ್ಲಿ ನಡೆಯುವಂತೆ ರಾತ್ರಿಯೂ ನಡೆಯಬೇಕು. ತೋಡಿ ಮುಗಿದ ಗಣಿಗಳಿಗೆ ಬೇಲಿ ಕಟ್ಟಿ, ದಂಡೆಗೆ ಮರ ನೆಟ್ಟು, ಮಳೆಯ ನೀರಿಗೆ ಎಡೆ ಮಾಡಬಹುದು. ಬಿಸಿಲಿನ ತಿಂಗಳುಗಳಲ್ಲಿ ದುಡಿಮೆಯ ವೇಳೆಯನ್ನು ಬೆಳಗಿಗೂ ಸಂಜೆಗೂ ಹಂಚಬಹುದು. ಇವೆಲ್ಲ ಸಾಧ್ಯವಾದ ಬೇಡಿಕೆಗಳು. ಬೇಡಿಕೆಯನ್ನು ಮುಂದಿಡುವವರ ಕೈಯಲ್ಲಿ ಏನಿದೆ ಎಂಬುದೇ ಇಲ್ಲಿ ಮುಖ್ಯ.

ಅವರ ಕೈಯಲ್ಲಿ ಒಂದು ದಫ್ತರು ಇರಬೇಕೆಂಬುದು ನಮ್ಮ ಅಭಿಪ್ರಾಯ. ಜನರ ಸಂಘಟನೆ ಘೋಷಣೆಯಿಂದ ಆರಂಭವಾಗುವುದಕ್ಕಿಂತ ಅಳತೆಯಿಂದ ಆರಂಭವಾಗುವುದು ಲೇಸು. ಧೂಳು ಬಹಳ ಎಂದು ನೂರು ಜನ ಕೂಗಿದರೂ ಅಧಿಕಾರಿಯ ಕಡತದಲ್ಲಿ ಅದು ಒಂದೇ ಸಾಲಾಗುತ್ತದೆ. ಇಂಥ ಊರಿನಲ್ಲಿ, ಇಂಥ ತಿಂಗಳಲ್ಲಿ, ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಧೂಳು ಬಿದ್ದಿತು ಎಂದು ಹತ್ತು ಜನ ಬರೆದುಕೊಟ್ಟರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಇದು ಬರಿಯ ಕಲ್ಪನೆಯಲ್ಲ. ಕನ್ನಡಿಗರು ವಾಸವಾಗಿರುವ ಕಾಸರಗೋಡಿನಲ್ಲಿ ಹೀಗೆ ನಡೆದುದುಂಟು. ಅಲ್ಲಿನ ಸರಕಾರೀ ತೋಟಗಾರಿಕಾ ನಿಗಮದ ಗೇರುತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸುತ್ತಿದ್ದರು. ತೋಟದ ಸುತ್ತಲಿನ ಊರುಗಳಲ್ಲಿ ಜೇನು ಸತ್ತವು, ಮೀನು ಸತ್ತವು. ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಲೇಖಕರಾದ ಶ್ರೀ ಪಡ್ರೆಯವರು ಅದನ್ನು ಗಮನಿಸಿ ಬರೆದರು. ಅಲ್ಲಿಯೇ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು, ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನ ವಿಕಲತೆಗಳು ಅಸಹಜವಾಗಿ ಹೆಚ್ಚಿರುವುದನ್ನು ಕಂಡು, ಮನೆಮನೆಯ ವಿವರವನ್ನು ಕೂಡಿಹಾಕಿದರು. ಕೃಷಿ ಇಲಾಖೆಯಲ್ಲಿ ನೌಕರರಾಗಿದ್ದ ಲೀಲಾಕುಮಾರಿ ಅಮ್ಮನವರು ೧೯೯೮ರಲ್ಲಿ ಮುನ್ಸೀಫ್ ನ್ಯಾಯಾಲಯದಲ್ಲಿ ದಾವೆ ಹೂಡಿ ೨೦೦೦ದಲ್ಲಿ ಆಕಾಶದಿಂದ ಸಿಂಪಡಿಸುವುದಕ್ಕೆ ತಡೆಯನ್ನು ಪಡೆದರು. ಆ ಮೇಲೆ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಯ ಮಕ್ಕಳನ್ನು ಪರೀಕ್ಷಿಸಿದರು. ಹೋಲಿಕೆಗಾಗಿ ಸಿಂಪಡಣೆಯಿಲ್ಲದ ಊರಿನ ಮಕ್ಕಳನ್ನೂ ಪರೀಕ್ಷಿಸಿದರು. ವಾದವಿವಾದಗಳು ಬಹುಕಾಲ ನಡೆದವು. ೨೦೧೧ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ನಿಷೇಧಿಸಿತು. ೨೦೧೭ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರವನ್ನು ಕೊಡಬೇಕೆಂದು ಆಜ್ಞೆಯಿತ್ತಿತು. ಅಷ್ಟು ದೊಡ್ಡ ನಿರ್ಣಯದ ಬುಡದಲ್ಲಿ ಒಬ್ಬ ಹಳ್ಳಿಯ ವೈದ್ಯರ ಎಣಿಕೆ ಇದ್ದಿತು ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಮರೆಯಬಾರದು.

ಎಣಿಕೆಯೊಂದೇ ಸಾಲದು, ಒಗ್ಗಟ್ಟೂ ಬೇಕು. ಅದಕ್ಕೆ ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನ ಉದಾಹರಣೆಯಿದೆ. ೧೯೮೦ರ ದಶಕದಲ್ಲಿ ಹಳ್ಳಿಗರು ದನ ಮೇಯಿಸುತ್ತಿದ್ದ ಸಾರ್ವಜನಿಕ ಭೂಮಿಯನ್ನು, ಸುಮಾರು ೩೦,೦೦೦ ಹೆಕ್ಟೇರಿನಷ್ಟು, ನೀಲಗಿರಿ ಬೆಳೆಯುವುದಕ್ಕಾಗಿ ಒಂದು ಕೂಡು ಕಂಪೆನಿಗೆ ಕೊಡಲು ಸರಕಾರ ಒಪ್ಪಿತ್ತು. ಸಮಾಜ ಪರಿವರ್ತನ ಸಮುದಾಯದವರು ಹಳ್ಳಿಹಳ್ಳಿಗಳಲ್ಲಿ ಜನರನ್ನು ಕೂಡಿಸಿದರು. ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯಲ್ಲಿ ಮುಂದಾಳಾದರು. ೧೯೮೭ರ ನವೆಂಬರ್ ೧೪ರಂದು ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು: ನೀಲಗಿರಿಯ ಸಸಿಗಳನ್ನು ಕಿತ್ತು, ಅಲ್ಲಿಯೇ ಊರಿಗೆ ಉಪಯೋಗವಾಗುವ ಮರಗಳ ಸಸಿಗಳನ್ನು ನೆಟ್ಟರು. ಬೇಡವಾದುದನ್ನು ಕಿತ್ತ ಕೈಯೇ ಬೇಕಾದುದನ್ನು ನೆಟ್ಟುದರಲ್ಲಿ ಆ ಚಳವಳಿಯ ಬಲವಿದ್ದಿತು. ೧೯೯೧ರಲ್ಲಿ ಆ ಕಂಪೆನಿಯನ್ನು ಮುಚ್ಚಲಾಯಿತು.

ಈ ಎರಡು ಪಾಠಗಳನ್ನು ಕಲ್ಲಿನ ಸೀಮೆಗೆ ಹಚ್ಚುವುದು ಹೇಗೆ? ಬೇಕಾದ ಸಲಕರಣೆಗಳು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಇವೆ.

ಮೊದಲನೆಯದು ಮಳೆ. ನೇರವಾದ ಪಕ್ಕೆಗಳುಳ್ಳ ಪಾತ್ರೆಯೂ ಒಂದು ಅಳತೆಪಟ್ಟಿಯೂ ಸಾಕು. ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಮೃಗಶಿರದಿಂದ ಸ್ವಾತಿಯವರೆಗೆ ಯಾವ ಮಳೆ ಎಷ್ಟು ಬಿದ್ದಿತೆಂದು ರೈತರು ಬಾಯಲ್ಲಿ ಇಟ್ಟಿರುವ ಲೆಕ್ಕಕ್ಕೆ ಇದು ಅಂಕಿಯನ್ನು ಕೊಡುತ್ತದೆ.

ಎರಡನೆಯದು ಬಾವಿ. ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಯಬೇಕು. ಅಮಾವಾಸ್ಯೆಯ ದಿನ ಅನೇಕ ರೈತರು ಎತ್ತುಗಳನ್ನು ಹೂಡುವುದಿಲ್ಲ. ಆ ದಿನವನ್ನೇ ಗೊತ್ತು ಮಾಡಿದರೆ ಮರೆಯುವಂತಿಲ್ಲ. ಸುತ್ತಲಿನ ಕೊಳವೆಬಾವಿಗಳ ಪಂಪು ಎಷ್ಟು ಗಂಟೆ ನಡೆಯಿತೆಂಬುದನ್ನೂ ಬರೆದಿಡಬೇಕು. ಬಾವಿ ಇಳಿದುದಕ್ಕೆ ನಮ್ಮದೇ ಪಂಪು ಕಾರಣವಾಗಿದ್ದರೆ ಅದನ್ನೂ ಒಪ್ಪಿಕೊಳ್ಳಬೇಕು.

ಮೂರನೆಯದು ಧೂಳು. ಅಗಲ ಬಾಯಿಯ ಜಾಡಿಯಲ್ಲಿ ಸ್ವಲ್ಪ ನೀರು ಹಾಕಿ ಮಾಳಿಗೆಯ ಮೇಲೆ ೩೦ ದಿನ ಇಟ್ಟು, ಆ ಮೇಲೆ ನೀರನ್ನು ಆರಿಸಿ, ಉಳಿದುದನ್ನು ಕಾಲೇಜಿನ ಸೂಕ್ಷ್ಮ ತಕ್ಕಡಿಯಲ್ಲಿ ತೂಗಬೇಕು. ಗಾಳಿ ಬೀಸುವ ದಿಕ್ಕಿನಲ್ಲಿ ಒಂದು ಜಾಡಿ, ಅದರ ಎದುರು ದಿಕ್ಕಿನಲ್ಲಿ ಒಂದು, ದೂರದ ಊರಿನಲ್ಲಿ ಇನ್ನೊಂದು ಇರಲೇಬೇಕು. ಪಡ್ರೆಯ ಮಕ್ಕಳೊಡನೆ ಬೇರೆ ಊರಿನ ಮಕ್ಕಳನ್ನು ಪರೀಕ್ಷಿಸಿದುದು ಇದೇ ಕಾರಣಕ್ಕೆ. ಹೋಲಿಕೆಯಿಲ್ಲದ ಅಳತೆ ಸಾಕ್ಷಿಯಾಗಿ ನಿಲ್ಲದು.

ನಾಲ್ಕನೆಯದು ಸೆಕೆ. ಎರಡು ಉಷ್ಣಮಾಪಕಗಳನ್ನು ನೆರಳಿನಲ್ಲಿ ತೂಗುಹಾಕಿ, ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಬೇಕು. ಬೆವರು ಆರಿದಾಗ ಮೈ ತಂಪಾಗುವಂತೆ ಒದ್ದೆ ಬುರುಡೆಯ ಉಷ್ಣತೆಯೂ ಇಳಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದಷ್ಟೂ ಈ ಇಳಿತ ಕಡಿಮೆ. ಒದ್ದೆ ಬುರುಡೆಯ ಉಷ್ಣತೆ ೩೫ ಡಿಗ್ರಿಯನ್ನು ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನ ದೇಹವೂ ತಾಳಲಾರದು. ದುಡಿಯುವವನಿಗೆ ಅಪಾಯ ಅದಕ್ಕಿಂತ ಬಹಳ ಮೊದಲೇ ಬರುತ್ತದೆ. ದುಡಿಮೆಯ ವೇಳೆಯನ್ನು ಬದಲಿಸಿ ಎಂದು ಕೇಳುವವರಿಗೆ ಇದಕ್ಕಿಂತ ಗಟ್ಟಿಯಾದ ಆಧಾರವಿಲ್ಲ.

ಈ ದಫ್ತರನ್ನು ಎಲ್ಲಿಗೆ ಒಯ್ಯಬೇಕು? ಮೊದಲು ಗ್ರಾಮಸಭೆಗೆ. ನಮ್ಮ ರಾಜ್ಯದ ಪಂಚಾಯತಿ ಕಾನೂನಿನಂತೆ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ದೊಡ್ಡ ಗಣಿ, ಕಾರ್ಖಾನೆಗಳಿಗೆ ಪರಿಸರದ ಅನುಮತಿ ಕೊಡುವ ಮುಂಚೆ ಸಾರ್ವಜನಿಕ ಆಲಿಕೆ ಸಭೆಯನ್ನು ನಡೆಸಬೇಕೆಂದು ೨೦೦೬ರ ಸೆಪ್ಟೆಂಬರ್ ೧೪ರ ಕೇಂದ್ರ ಅಧಿಸೂಚನೆ ವಿಧಿಸುತ್ತದೆ. ೩೦ ದಿನ ಮುಂಚಿತವಾಗಿ ಪತ್ರಿಕೆಗಳಲ್ಲಿ ತಿಳಿವಳಿಕೆ ಬರಬೇಕು, ವರದಿಯ ಸಾರಾಂಶ ಸ್ಥಳದ ಭಾಷೆಯಲ್ಲಿರಬೇಕು, ನಡೆದುದೆಲ್ಲವನ್ನೂ ಚಿತ್ರೀಕರಿಸಬೇಕು. ಆದರೆ ಅದೇ ಅಧಿಸೂಚನೆಯಲ್ಲಿ, ಸಭೆಗೆ ಕೋರಂ ಬೇಕಾಗಿಲ್ಲವೆಂದೂ ಇದೆ. ಊರಿನವರು ಬಾರದಿದ್ದರೂ ಸಭೆ ನಡೆದಂತೆಯೇ ಲೆಕ್ಕ. ಅಲ್ಲಿ ಅಂಕಿಗಳೊಡನೆ ಎದ್ದು ನಿಲ್ಲುವವರಿಲ್ಲದಿದ್ದರೆ ನಷ್ಟ ಯಾರಿಗೆಂದು ಹೇಳಬೇಕಾಗಿಲ್ಲ.

ಅನುಮತಿ ಪಡೆದವರು ಶರತ್ತುಗಳನ್ನು ಪಾಲಿಸಿದ ಬಗೆಗೆ ಆರು ತಿಂಗಳಿಗೊಮ್ಮೆ ವರದಿಯನ್ನು ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ. ಅದರಲ್ಲಿರುವ ಧೂಳಿನ ಅಂಕಿಗಳ ಪಕ್ಕದಲ್ಲಿ ನಮ್ಮ ಜಾಡಿಯ ಅಂಕಿಗಳನ್ನು ಇಟ್ಟು ನೋಡಬಹುದು. ಗಣಿಗುತ್ತಿಗೆದಾರರು ರಾಜಧನದ ಜೊತೆಗೆ ಇನ್ನೊಂದು ಪಾಲನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ತೆರಬೇಕೆಂದು ೨೦೧೫ರಲ್ಲಿ ಕಾನೂನಾಗಿದೆ. ಹಳೆಯ ಗುತ್ತಿಗೆಗಳಾದರೆ ಆ ಪಾಲು ರಾಜಧನದ ನೂರಕ್ಕೆ ೩೦. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಾಲಿನ್ಯ ನಿವಾರಣೆಗಳೇ ಆ ಹಣದ ಮುಖ್ಯ ಉದ್ದೇಶ. ಯಾವ ಊರಿನ ಬಾವಿ ಎಷ್ಟು ಇಳಿದಿದೆಯೆಂಬ ಪಟ್ಟಿ ಸಿದ್ಧವಾಗಿದ್ದರೆ ಆ ಹಣ ಎಲ್ಲಿ ಮೊದಲು ಖರ್ಚಾಗಬೇಕೆಂಬುದನ್ನು ವಾದಿಸಿ ತೋರಿಸಬಹುದು. ಇವೆಲ್ಲ ಫಲಿಸದಿದ್ದರೆ ೨೦೧೦ರ ಕಾನೂನಿನಿಂದ ಸ್ಥಾಪಿತವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವಿದೆ. ಅಲ್ಲಿ ಪರಿಸರದ ಅನುಮತಿಯ ವಿರುದ್ಧ ೩೦ ದಿನಗಳೊಳಗೆ ಮೇಲ್ಮನವಿ ಹೋಗಬೇಕಾದುದರಿಂದ, ದಾಖಲೆಯನ್ನು ಮುಂಚೆಯೇ ಸಿದ್ಧಪಡಿಸಿಕೊಂಡವರಿಗೆ ಮಾತ್ರ ಆ ಬಾಗಿಲು ಉಪಯೋಗಕ್ಕೆ ಬರುತ್ತದೆ. ಎರೆಭೂತ ಹಕ್ಕಿಯ ರಕ್ಷಣೆಗಾಗಿ ನಡೆದ ಮೊಕದ್ದಮೆಯೊಂದರಲ್ಲಿ ೨೦೨೪ರ ಮಾರ್ಚ್ ೨೧ರಂದು ಸರ್ವೋಚ್ಚ ನ್ಯಾಯಾಲಯವು, ಹವಾಗುಣ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವುದು ನಾಗರಿಕರ ಹಕ್ಕೆಂದು ಸಂವಿಧಾನದ ೧೪ ಮತ್ತು ೨೧ನೆಯ ಅನುಚ್ಛೇದಗಳ ಆಧಾರದ ಮೇಲೆ ಹೇಳಿದೆ. ಹಕ್ಕು ಕಾಗದದ ಮೇಲೆ ಬಂದಾಗಿದೆ. ಅದನ್ನು ಹಳ್ಳಿಗೆ ಇಳಿಸುವ ಕೆಲಸ ಉಳಿದಿದೆ.

ಒಂದೆರಡು ಎಚ್ಚರಿಕೆಯ ಮಾತುಗಳು. ನಮಗೆ ಅನುಕೂಲವಾದ ಅಂಕಿಯನ್ನು ಮಾತ್ರ ಬರೆದು ಉಳಿದುದನ್ನು ಬಿಟ್ಟರೆ ದಫ್ತರಿಗೆ ಬೆಲೆಯಿಲ್ಲ. ಒಂದು ಸುಳ್ಳು ಅಂಕಿ ಸಿಕ್ಕಿಬಿದ್ದರೆ ನೂರು ನಿಜವಾದ ಅಂಕಿಗಳು ಅದರ ಜೊತೆಗೆ ಬಿದ್ದುಹೋಗುತ್ತವೆ. ಇನ್ನು, ದಫ್ತರು ಒಬ್ಬರ ಮನೆಯ ಸೊತ್ತಾಗಬಾರದು. ಬಿಂದಿಗೆ ಹೊತ್ತು ನೀರಿಗೆ ನಡೆಯುವವರು ಹೆಂಗಸರು. ಬಾವಿಯ ಇಳಿತ ಮೊದಲು ಗೊತ್ತಾಗುವುದು ಅವರಿಗೆ. ತಾಂಡಾದವರು, ಭೂಮಿಯಿಲ್ಲದ ಕೂಲಿಯವರು, ಕಾರ್ಖಾನೆಯ ಗುತ್ತಿಗೆಯ ಕೆಲಸಗಾರರು ಇವರೆಲ್ಲರೂ ಅದರಲ್ಲಿ ಬರೆಯಿಸಬೇಕು, ಓದಿಸಿ ಕೇಳಬೇಕು. ಊರಿನ ಕಟ್ಟೆಯ ಮೇಲೆ ತಿಂಗಳಿಗೊಮ್ಮೆ ಗಟ್ಟಿಯಾಗಿ ಓದಿದ ಲೆಕ್ಕ ಎಲ್ಲರ ಲೆಕ್ಕವಾಗುತ್ತದೆ. ಸಂಘಟನೆಯೆಂದರೆ ನಮ್ಮ ಅರ್ಥದಲ್ಲಿ ಇದೇ.

ಸೇಡಮಿನಲ್ಲಿಯೋ ಚಿತ್ತಾಪುರದಲ್ಲಿಯೋ ಈ ಪತ್ರಿಕೆಯನ್ನು ಓದುತ್ತಿರುವ ವಿದ್ಯಾರ್ಥಿಮಿತ್ರರಿಗೆ ನಮ್ಮದೊಂದು ವಿನಂತಿ. ಮುಂದಿನ ಮೃಗಶಿರ ಮಳೆಗೆ ಮುಂಚೆ ಒಂದು ಪಾತ್ರೆ, ಒಂದು ಹಗ್ಗ, ಒಂದು ಜಾಡಿ, ಎರಡು ಉಷ್ಣಮಾಪಕಗಳನ್ನು ಸಿದ್ಧಪಡಿಸಿಕೊಳ್ಳಿರಿ. ಇನ್ನೂರು ಹಾಳೆಯ ನೋಟುಪುಸ್ತಕವೊಂದನ್ನು ಕೊಂಡು ಮೊದಲ ಪುಟದಲ್ಲಿ ಊರಿನ ಹೆಸರನ್ನೂ ತಾರೀಖನ್ನೂ ಬರೆಯಿರಿ. ಒಂದು ವರ್ಷ ತಪ್ಪದೆ ತುಂಬಿದ ಆ ಪುಸ್ತಕವನ್ನು ಗ್ರಾಮಸಭೆಯ ಮೇಜಿನ ಮೇಲಿಟ್ಟ ದಿನ, ಮೂಸೆಯಿಂದ ಹೊರಟುಹೋದ ೪೪ ಗ್ರಾಮಿನ ಲೆಕ್ಕವನ್ನು ಕೇಳುವ ಅಧಿಕಾರ ನಿಮ್ಮ ಊರಿಗೆ ಬಂದಿರುತ್ತದೆ.